ಕೂಸು ಬಿಡುವ ಮನೆ

ಅತ್ತೆ ಮಾದೇವಮ್ಮನ ಬಲಗೈ ಬಲಗಾಲು ಸ್ವಾಧೀನ ತಪ್ಪಿದ ಬೆಳಿಗ್ಗೆ ಮಧುಶ್ರೀಗೆ ಮೊದಲು ಬಂದ ಯೋಚನೆ ಅತ್ತೆಯದಲ್ಲ, ಕೂಸಿನದು. ಆಮೇಲೆ ಅದನ್ನು ನೆನೆಸಿಕೊಂಡು ಅವಳು ಎಷ್ಟೋ ಸಲ ನಾಚಿಕೆಪಟ್ಟಿದ್ದಾಳೆ. ಆದರೆ ಹಾಲಿನ ಡೇರಿಯ ಮುಂದೆ ಗಾರ್ಮೆಂಟ್ಸ್ ವ್ಯಾನು ಹಾರನ್ ಹೊಡೆಯುತ್ತಿತ್ತು. ಅತ್ತೆ ಚಾಪೆಯ ಮೇಲೆ ಬಾಯಿ ಸೊಟ್ಟಗಾಗಿ ಏನನ್ನೋ ಹೇಳಲು ಹೆಣಗುತ್ತಿದ್ದಳು. ವರ್ಷ ತುಂಬಿ ಇನ್ನೂ ಸ್ವಲ್ಪವೇ ದಿನವಾಗಿದ್ದ ಮಗ ಮಾದು, ಅಜ್ಜಿ ಆಟವಾಡುತ್ತಿದ್ದಾಳೆಂದುಕೊಂಡು ಅವಳ ಎದೆಯ ಮೇಲೆ ಹತ್ತಿ ಕೇಕೆ ಹಾಕುತ್ತಿದ್ದ. ಇವತ್ತು ಇವನನ್ನು ಯಾರ ಕೈಗೆ ಕೊಡಲಿ ಎಂದೇ ಮಧುಶ್ರೀಯ ಮನಸ್ಸು ಓಡಿತು.

ಆ ದಿನ ವ್ಯಾನು ಅವಳನ್ನು ಬಿಟ್ಟುಹೋಯಿತು. ತಮ್ಮೂರು ತೊರೆಮೋಳೆಯಿಂದ ಆಟೋದಲ್ಲಿ ಯಳಂದೂರಿಗೆ, ಅಲ್ಲಿಂದ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಅತ್ತೆಯನ್ನು ಸಾಗಿಸಿದ್ದಾಯಿತು. ಜೀವ ಉಳಿಯಿತು, ಕೈಕಾಲು ಬರಲಿಲ್ಲ. ಮನೆಗೆ ಕರೆತಂದು ಮಲಗಿಸಿದ ದಿನ ಗಂಡ ಬಿಳಿಗಿರಿಯೂ ಬಂದ. ಅವನು ಟಿಪ್ಪರ್ ಡ್ರೈವರು. ಹನೂರಿನ ಕಡೆ ಜಲ್ಲಿ ಹೊಡೆಯಲು ಹೋದರೆ ವಾರಕ್ಕೊಮ್ಮೆ ಮನೆ ನೋಡಿದರೆ ಹೆಚ್ಚು. ಅವ್ವನ ತಲೆ ಸವರಿ ಹೊರಗೆ ಬಂದವನು ಜಗಲಿಯ ಮೇಲೆ ಕೂತು ಬಹಳ ಸುಲಭವಾಗಿ ಹೇಳಿಬಿಟ್ಟ.

"ಪವಿತ್ರ ಅವಳಲ್ಲ ಮನೇಲಿ. ನಾಕ್ ದಿನ ಸ್ಕೂಲ್ ಬುಟ್ರ ಏನ್ ಮುಳುಗೋದದು? ಕೂಸ್ನೂ ನೋಡ್ಕತಳ, ಅಜ್ಜೀನೂ ನೋಡ್ಕತಳ."

ಮಗಳು ಪವಿತ್ರ ಐದನೇ ಕ್ಲಾಸು. ಓದುವುದೆಂದರೆ ಅವಳಿಗೆ ಗಟ್ಟಿಯಾಗಿ ಓದಬೇಕು, ಬೀದಿಯವರಿಗೆಲ್ಲ ಕೇಳಿಸಬೇಕು. ಅಪ್ಪನ ಮಾತಿಗೆ ಅವಳು ಇಲ್ಲವೆನ್ನಲಿಲ್ಲ. "ನಾಕೇ ದಿನ ಅಲ್ವಾ ಅವ್ವ?" ಎಂದು ಮಾತ್ರ ಕೇಳಿ, ತಮ್ಮನನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು.

ಮಧುಶ್ರೀ ಕೊಳ್ಳೇಗಾಲದ ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಟೈಲರ್. ಹೆಲ್ಪರಾಗಿ ಸೇರಿ, ದಾರ ಕತ್ತರಿಸಿ, ಬೈಗುಳ ತಿಂದು ಮಿಶಿನ್ನಿಗೆ ಕೂತವಳು. ಆ ಮಿಶಿನ್ನು ಬಿಟ್ಟರೆ ಮತ್ತೆ ಸಿಗುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಕಾರ್ಖಾನೆಯಲ್ಲೂ ಮಕ್ಕಳ ಕೋಣೆ ಎಂದು ಒಂದಿತ್ತು, ಬಾಗಿಲ ಮೇಲೆ ಬಾತುಕೋಳಿಯ ಚಿತ್ರವಿತ್ತು. ಧೈರ್ಯ ಮಾಡಿ ಆಫೀಸಿನ ಮೇಡಮ್ಮನ್ನು ಕೇಳಿದಳು. ಮೇಡಂ ಒಳ್ಳೆಯವರೇ, ಬೈಯಲಿಲ್ಲ.

"ರೂಮ್ ಇದೆ, ಆಯಾ ಬಿಟ್ಟುಹೋಗಿದ್ದಾಳೆ. ಆಯಾ ಸಿಕ್ಕಿದ್ರೂ ವ್ಯಾನಲ್ಲಿ ಮಕ್ಕಳನ್ನ ಹತ್ತಿಸೋ ಹಾಗಿಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ನೀನೇ ಬೇರೆ ಬಸ್ಸಲ್ಲಿ ಕರ್ಕೊಂಡು ಬರ್ತೀನಿ ಅಂದ್ರೆ ನೋಡೋಣ."

ತೊರೆಮೋಳೆಗೆ ಬರುವ ಮೊದಲ ಬಸ್ಸು ಕಾರ್ಖಾನೆಯ ಗೇಟು ಮುಚ್ಚಿದ ಮೇಲೆ ಬರುತ್ತಿತ್ತು. ಮಧುಶ್ರೀ ಮತ್ತೆ ಕೇಳಲಿಲ್ಲ.

ದಾರಿ ತೋರಿಸಿದವಳು ಹಿಂದಿನ ಬೀದಿಯ ಮೀನಾ. ಪಂಚಾಯ್ತಿಯವರು ಹಳೇ ಸ್ಕೂಲಿನ ಒಂದು ಕೋಣೆಗೆ ಸುಣ್ಣಬಣ್ಣ ಹೊಡೆಸಿ, ಗೋಡೆಯ ಮೇಲೆ ಆನೆ, ಗಿಳಿ ಬರೆಸಿ ಕೂಸಿನ ಮನೆ ಮಾಡಿದ್ದರು. ಮೀನಾಳಿಗೂ ಇನ್ನೊಬ್ಬಳಿಗೂ ತರಬೇತಿ ಕೊಟ್ಟು ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹಾಕಿದ್ದರು.

"ಅಯ್ಯೋ, ಹೆಣ್ಮಗು ಸ್ಕೂಲ್ ಬುಡ್ಸಿದ್ದೀಯಲ್ಲಕ್ಕ," ಎಂದು ಮೀನಾ ನಲ್ಲಿಯ ಹತ್ತಿರ ಸಿಕ್ಕಾಗ ಅಂದಳು. "ತಂದು ಬುಡು ನನ್ ತವ. ನಾಕ್ ಕೂಸಿರೋ ಕಡೆ ಐದಾಯ್ತದ. ಅತ್ತೇನ ನಮ್ಮವ್ವ ಮಧ್ಯದಲ್ಲಿ ಓಗಿ ನೋಡ್ಕತಳ."

ಮಾರನೆಯ ದಿನ ಮಾದು ಅಲ್ಲಿಗೆ ಹೋದ. ಬಿಡುವಾಗ ಅತ್ತ, ಗೋಡೆಯ ಆನೆಯನ್ನು ನೋಡಿ ಸುಮ್ಮನಾದ. ಪವಿತ್ರ ಯೂನಿಫಾರ್ಮ್ ಹಾಕಿಕೊಂಡು, ಬಿಟ್ಟುಹೋದ ಪಾಠಗಳನ್ನೆಲ್ಲ ಬರೆದುಕೊಳ್ಳಲು ಗೆಳತಿಯ ಪುಸ್ತಕ ತಂದಳು. ಸಂಜೆ ವ್ಯಾನಿಳಿದು ಬಂದಾಗ ಮಾದುವಿನ ಕೆನ್ನೆಯ ಮೇಲೆ ಮೊಟ್ಟೆಯ ಹಳದಿ ಒಣಗಿತ್ತು. ಮಧುಶ್ರೀ ಅದನ್ನು ಒರೆಸದೆ ನೋಡುತ್ತ ನಿಂತಳು. ಸರ್ಕಾರ ಎನ್ನುವುದು ತನ್ನ ಮನೆಯ ತನಕ ನಡೆದು ಬಂದಿದೆ ಎಂದು ಅವಳಿಗೆ ಅನಿಸಿದ್ದು ಅದೇ ಮೊದಲು.

ಆ ಸಂತೋಷ ತಿಂಗಳೂ ಉಳಿಯಲಿಲ್ಲ. ಒಂದು ಸಂಜೆ ಮೀನಾ ಕೂಸನ್ನು ತಾನೇ ಎತ್ತಿಕೊಂಡು ಮನೆಗೆ ಬಂದಳು. ಮುಖ ಬಾಡಿತ್ತು.

"ಪಿಡಿಓ ಸಾಹೇಬ್ರು ಬಂದಿದ್ರು ಕಣಕ್ಕ. ಇದ್ಯಾರ್ ಮಗ ಅಂದ್ರು. ಗಾರ್ಮೆಂಟ್ಸ್‌ಗ ಓಗೋರ್ದು ಅಂದೆ. ನಿನ್ನ ಪಂಚಾಯ್ತಿಗ ಬರೇಳು ಅಂದವ್ರ."

ಪಂಚಾಯ್ತಿಯ ಅಧಿಕಾರಿ, ಪಿಡಿಓ ಶಿವಕುಮಾರಸ್ವಾಮಿ ತಾಳ್ಮೆಯ ಮನುಷ್ಯ. ಅರ್ಧ ದಿನ ರಜೆ ಹಾಕಿ ಬಂದ ಮಧುಶ್ರೀಯನ್ನು ಕುರ್ಚಿ ಕೊಟ್ಟು ಕೂರಿಸಿದರು.

"ನೋಡಮ್ಮ, ಇದು ನರೇಗಾದಲ್ಲಿ ಮಾಡಿರೋದು. ಕೂಲಿಗೆ ಬರೋ ಹೆಂಗಸರು ಮಕ್ಕಳನ್ನ ಬಿಸಿಲಲ್ಲಿ ಕೂರಿಸಿಕೊಂಡು ಮಣ್ಣು ಹೊರಬಾರದು ಅಂತ. ನೀನು ಕೂಲಿಗೆ ಬರ್ತಿದ್ದೀಯಾ?"

"ನಾನು ದಿನಾ ಕೆಲ್ಸಕ್ಕ ಓಯ್ತೀನಿ ಸಾ. ಬೆಳಗಾನ ಎದ್ದು ಓದ್ರ ಬರೋದು ಸಂಜೆಗ."

"ಅದು ಕಂಪನಿ ಕೆಲಸ."

"ಕೆಲ್ಸ ಅಲ್ವಾ ಸಾ ಅದು?"

ಶಿವಕುಮಾರಸ್ವಾಮಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೆಲಸಾನೇ. ಆದ್ರೆ ನಮ್ಮ ಕೆಲಸ ಅಲ್ಲ. ನಿಮಗೆ ಅಂತ ಕಂಪನಿಯೋರೇ ಕೋಣೆ ಮಾಡಬೇಕು, ಕಾನೂನಿದೆ."

"ಅಲ್ಲಿ ನೀವು ಊರಲ್ಲಿ ನೋಡ್ಕ ಅಂತರ. ಇಲ್ಲಿ ನೀವು ಅಲ್ಲಿ ಕೇಳು ಅಂತೀರಿ. ಈ ಕೂಸು ಯಾರ ಲೆಕ್ಕಕ್ಕ ಬತ್ತದ ಸಾ?"

"ಬೇರೆಯವರ ಮಕ್ಕಳನ್ನ ಸೇರಿಸಬಾರದು ಅಂತ ನಾನೂ ಹೇಳ್ತಿಲ್ಲ. ಆದ್ರೆ ನಾಳೆ ಮೇಲಿನವರು ಬಂದು, ಕೂಲಿಯವರ ಮಕ್ಕಳೆಷ್ಟು, ಬೇರೆಯವರೆಷ್ಟು ಅಂದ್ರೆ ಉತ್ತರ ಕೊಡಬೇಕಾದವನು ನಾನು." ಅವರು ದನಿ ತಗ್ಗಿಸಿದರು. "ನಿಮ್ಮ ಮನೆಗೆ ಜಾಬ್ ಕಾರ್ಡ್ ಇದೆ. ಕೆರೆ ಹೂಳೆತ್ತೋ ಕೆಲಸ ಶುರುವಾಗ್ತಿದೆ. ನೀನು ಬಂದ್ರೆ ಕೂಸು ಮರ್ಯಾದೆಯಾಗಿ ಅಲ್ಲಿರುತ್ತೆ, ಯಾರೂ ಕೇಳೋಹಾಗಿಲ್ಲ."

ಅವಳು ಎರಡು ದಿನ ಯೋಚಿಸಿದಳು. ಗಂಡನಿಗೆ ಫೋನು ಮಾಡಿದರೆ, "ಮಿಶಿನ್ ಬುಟ್ಟು ಮಂಕ್ರಿ ಓರಕ್ಕೋಯ್ತೀಯ? ತಲ ಕೆಟ್ಟದ?" ಎಂದು ರೇಗಿದ. "ಮತ್ತ ಕೂಸು?" ಎಂದರೆ, "ಪವಿತ್ರ ಇಲ್ವ?" ಎಂದ. ಆ ಮಾತಿಗೇ ಮಧುಶ್ರೀ ನಿರ್ಧಾರ ಮಾಡಿದ್ದು. ಗಾರ್ಮೆಂಟ್ಸಿಗೆ ಹೋಗಿ ಲೆಕ್ಕ ಮುಗಿಸಿ ಬಂದಳು. ಪಕ್ಕದ ಮಿಶಿನ್ನಿನವಳು, "ಸರ್ಕಾರದ್ ಕೂಲಿ ನಂಬ್ಕಂಡು ಬುಟ್ಟೋಯ್ತಿದ್ದೀಯಲ್ಲೇ," ಎಂದಾಗ ನಕ್ಕಳು.

ಕೆರೆಯ ಕೆಲಸ ಕಷ್ಟದ್ದು. ಕೂತು ಹೊಲಿದು ಬಾಗಿದ ಬೆನ್ನಿಗೆ ಮಣ್ಣು ತುಂಬಿದ ಮಂಕರಿಬುಟ್ಟಿ ಎತ್ತುವುದು ಬೇರೆಯೇ ನೋವು. ಹೊತ್ತೇರುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ನೆಟ್‌ವರ್ಕ್ ಸಿಗದಿದ್ದರೆ ಬಿಸಿಲಲ್ಲಿ ನಿಂತೇ ಕಾಯಬೇಕು. ಆದರೆ ಕೆರೆಯ ಏರಿಯ ಮೇಲೆ ನಿಂತರೆ ಹಳೇ ಸ್ಕೂಲಿನ ಹಂಚು ಕಾಣುತ್ತಿತ್ತು. ಮಧ್ಯಾಹ್ನ ಹೋಗಿ ಕೂಸಿಗೆ ಹಾಲು ಕೊಟ್ಟು ಬರಬಹುದಿತ್ತು. ಮಾದು ಅಲ್ಲೇ ನಡೆಯಲು ಕಲಿತ. ಅವನು ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟಾಗ ಮಧುಶ್ರೀ ಎದುರಿಗಿದ್ದಳು. ಪವಿತ್ರ ಕೂಸಾಗಿದ್ದಾಗ ಅವಳು ಈ ಊರಿನ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಬಿಸಿನೀರಿಗೆ ಕೈಯಿಟ್ಟು ನಿಂತಿದ್ದಳು. ಮಗಳು ಮೊದಲು ಯಾವಾಗ ನಡೆದಳೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅಂಥ ಒಂದು ಮಧ್ಯಾಹ್ನ ಪಂಚಾಯ್ತಿ ಮೆಂಬರು ಸದಾಶಿವಪ್ಪ, ಪೇಟೆಯಿಂದ ಬಂದಿದ್ದ ಇಬ್ಬರನ್ನು ಕರೆದುಕೊಂಡು ಕೆರೆಯ ಹತ್ತಿರ ಬಂದ. ಅವರ ಕೈಯಲ್ಲಿ ಕ್ಯಾಮೆರಾ ಇತ್ತು.

"ಇವಳ್ನ ಮಾತಾಡ್ಸಿ ಸಾ, ಚೆನ್ನಾಗಿ ಮಾತಾಡ್ತಳ. ಗಾರ್ಮೆಂಟ್ಸ್ ಬುಟ್ಟು ಬಂದವಳು," ಎಂದ.

ಕೂಸನ್ನು ಎತ್ತಿಕೊಂಡು, ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿ ಮಧುಶ್ರೀ ನಿಂತಳು. ಯಾರೂ ಹೇಳಿಕೊಡಲಿಲ್ಲ. "ನನ್ ಮಗಳು ಕೂಸ್ ನೋಡ್ಕಳಕ್ಕ ಸ್ಕೂಲ್ ಬುಟ್ಟಿದ್ಲು. ಈಗ ಓಯ್ತಾಳ. ಅಷ್ಟು ಸಾಕು ನಂಗ," ಎಂದಳು. ಆ ವಿಡಿಯೋ ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಬಿಳಿಗಿರಿ ಕೂಡ ಹನೂರಿನಿಂದ ಫೋನು ಮಾಡಿ, "ಟೀವೀಲಿ ಬರೋಳಂಗ ಮಾತಾಡಿದ್ದೀಯ," ಎಂದು ನಕ್ಕ.

ಕೆರೆಯ ಕೆಲಸ ನಿಂತದ್ದು ಅದಾದ ಕೆಲವೇ ದಿನಗಳಿಗೆ. ಒಂದು ಬೆಳಿಗ್ಗೆ ಹೆಂಗಸರೆಲ್ಲ ಮಂಕರಿ ಹಿಡಿದು ಹೋದರೆ ಕೆರೆಯಂಗಳದಲ್ಲಿ ಜೆಸಿಬಿ ಚಕ್ರದ ಗುರುತು. ತಾವು ವಾರಗಟ್ಟಲೆ ಮಾಡಬೇಕಾಗಿದ್ದ ಕೆಲಸ ಮುಗಿದುಹೋಗಿತ್ತು. ಮಾಡಿಸಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಸದಾಶಿವಪ್ಪ ಬಂದು, "ಮಳ ಬರೋಂಗದ, ಅದ್ಕ ಬೇಗ ಮುಗಿಸ್ದೋ. ಮುಂದಿನ್ ಕೆಲ್ಸ ಬಂದಾಗ ಕರೀತೀವಿ," ಎಂದ.

ಕೂಲಿಯಿಲ್ಲದ ಮೇಲೆ ಕೂಲಿಯವರ ಮಕ್ಕಳೂ ಇಲ್ಲ. ಕೂಸು ನೋಡುವವರನ್ನು ಸರದಿಯಂತೆ ಬದಲಾಯಿಸುತ್ತಿದ್ದರು, ಮೀನಾಳ ಸರದಿಯೂ ಮುಗಿದಿತ್ತು. ಅವಳ ಜಾಗಕ್ಕೆ ಬರಬೇಕಾದವರನ್ನು ಯಾರೂ ಹಾಕಲಿಲ್ಲ. ಆದರೂ ಅವಳು ವಾರ ಕಾಲ ಸುಮ್ಮನೆ ಹೋಗಿ ಬಾಗಿಲು ತೆಗೆದಳು. ಆಮೇಲೆ ಪಂಚಾಯ್ತಿಯವರು ಬೀಗದ ಕೈ ಕೇಳಿ ಇಸಿದುಕೊಂಡರು.

ಮಧುಶ್ರೀ ಪಂಚಾಯ್ತಿಗೆ ಹೋದಳು. ಶಿವಕುಮಾರಸ್ವಾಮಿ ಈ ಸಲವೂ ಕುರ್ಚಿ ಕೊಟ್ಟರು. "ಕಾಮಗಾರಿ ಮಂಜೂರಾಗಲಿ ಅಮ್ಮ, ಅದರ ಜೊತೆಗೇ ಇದೂ ಶುರುವಾಗುತ್ತೆ," ಎಂದರು.

"ನೀವೇ ಏಳಿದ್ರಲ್ಲ ಸಾ, ಬಂದ್ರ ಯಾರೂ ಕೇಳಂಗಿಲ್ಲ ಅಂತ. ಅದ್ಕೇ ಮಿಶಿನ್ ಬುಟ್ಟೆ."

ಅವರು ಮೇಜಿನ ಮೇಲಿನ ಪೇಪರು ಸರಿಮಾಡುತ್ತ, "ನಾನು ಕೆಲಸ ಬಿಡು ಅಂತ ಹೇಳಿದ್ನಾ?" ಎಂದರು. ಅವರು ಹೇಳಿರಲಿಲ್ಲ. ಅದು ನಿಜವೇ. ಆ ನಿಜವೇ ಮಧುಶ್ರೀಗೆ ಬೈಗುಳಕ್ಕಿಂತ ಹೆಚ್ಚು ಉರಿ ಎಬ್ಬಿಸಿತು.

ಗಾರ್ಮೆಂಟ್ಸಿನಲ್ಲಿ ಅವಳ ಮಿಶಿನ್ನಿನ ಮುಂದೆ ಬೇರೊಬ್ಬಳು ಕೂತಿದ್ದಳು. ಸೇರಿಸಿಕೊಂಡರು, ಆದರೆ ಹೆಲ್ಪರಾಗಿ. ತಾನು ಕೆಲಸ ಕಲಿಸಿದ ಹುಡುಗಿಯರ ಪಕ್ಕ ನಿಂತು ಅವರು ಹೊಲಿದೆಸೆದ ಕಾಲರಿನ ದಾರ ಕತ್ತರಿಸುವುದು. ಪವಿತ್ರಳಿಗೆ ಈ ಸಲ ನಾಲ್ಕು ದಿನ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೇಷ್ಟ್ರು ದೊಡ್ಡಮಾದಪ್ಪ ಎರಡು ಸಲ ಮನೆ ಬಾಗಿಲಿಗೆ ಬಂದರು. ಎರಡನೆಯ ಸಲ ಮಲಗಿದ್ದ ಮಾದೇವಮ್ಮನನ್ನೂ ಹುಡುಗಿಯ ಸೊಂಟದ ಮೇಲಿದ್ದ ಕೂಸನ್ನೂ ನೋಡಿ, ಬಾಗಿಲಿನಿಂದಲೇ ಹೊರಟುಹೋದರು.

ಹೀಗಿರುವಾಗ ಒಂದು ಸಂಜೆ ಮಧುಶ್ರೀ ವ್ಯಾನಿಳಿದು ಬಂದರೆ ಪವಿತ್ರ ಯೂನಿಫಾರ್ಮಿನಲ್ಲಿ ಕೂತಿದ್ದಳು. ಜಡೆಗೆ ರಿಬ್ಬನ್ನೂ ಕಟ್ಟಿದ್ದಳು. ಮಾದು ಅವಳ ಪಕ್ಕ ಮಣ್ಣಾಡುತ್ತಿದ್ದ.

"ಸ್ಕೂಲ್‌ಗ ಓಗಿದ್ದೇನವ್ವ?" ಎಂದು ಮಧುಶ್ರೀ ಆಸೆಯಿಂದ ಕೇಳಿದಳು.

ಮಗಳು ತಲೆ ತಗ್ಗಿಸಿ ಜಡೆಯ ರಿಬ್ಬನ್ನು ಬಿಚ್ಚತೊಡಗಿದಳು. ಒಳಗಿನಿಂದ ಅತ್ತೆ ಮಾತ್ರ ಏನೋ ತೊದಲಿದಳು. ಬಹಳ ಹೊತ್ತು ರಮಿಸಿದ ಮೇಲೆ ಪವಿತ್ರ ತಡೆತಡೆದು ಹೇಳಿದಳು. ಬೆಳಿಗ್ಗೆ ಅವ್ವ ವ್ಯಾನು ಹತ್ತಿದ ಮೇಲೆ ಸದಾಶಿವಪ್ಪ ಬೈಕಿನಲ್ಲಿ ಬಂದನಂತೆ. ಕೂಸಿನ ಮನೆ ತೆಗೆದದ, ನಿನ್ ತಮ್ಮನ್ನ ಕರ್ಕಬಾ ಎಂದನಂತೆ. ಪವಿತ್ರ ಓಡಿದ್ದಾಳೆ. ನಿಜಕ್ಕೂ ಬಾಗಿಲು ತೆರೆದಿತ್ತು, ಹೊಸ ಚಾಪೆ ಹಾಸಿತ್ತು, ಬಲೂನು ಕಟ್ಟಿತ್ತು. ಬೇರೆ ಬೀದಿಯ ಮಕ್ಕಳನ್ನೂ ತಂದು ಕೂರಿಸಿದ್ದರು. ತಮ್ಮನನ್ನು ಬಿಟ್ಟು, ಮನೆಗೆ ಓಡಿಬಂದು, ಅಜ್ಜಿಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯಿಸಿ ಸ್ಕೂಲಿಗೆ ಹೋಗಿದ್ದಾಳೆ. ಮೇಷ್ಟ್ರು ಅವಳನ್ನು ನೋಡಿ ಎದ್ದು ನಿಂತರಂತೆ. ಮುಂದಿನ ಸಾಲಿನಲ್ಲಿ ಕೂರಿಸಿ, ಓದು ಎಂದು ಪುಸ್ತಕ ಕೊಟ್ಟರಂತೆ.

"ಓದಿದ್ಯಾ?"

"ಓದ್ತಿದ್ದೆ. ಅಷ್ಟೊತ್ಗ ಪಂಚಾಯ್ತಿ ಜವಾನ ಬಂದ. ನೋಡಕ್ಕ ಬಂದಿದ್ದೋರು ಹೊಂಟೋದ್ರು, ನಿನ್ ತಮ್ಮ ಅಳ್ತಾವನ, ಬಂದು ಎತ್ಕಂಡೋಗು ಅಂದ." ಪವಿತ್ರ ಮೂಗೆಳೆದುಕೊಂಡಳು. "ಎಲ್ಲಾರ್ ಮುಂದೇನೆ ಅಂದ ಅವ್ವ."

ಮಾರನೆಯ ದಿನ ಬೆಳಗಾಗುತ್ತಲೇ ಮಧುಶ್ರೀ ಮಗಳಿಗೆ, "ನೀನು ಸ್ಕೂಲ್‌ಗ ಓಗು. ಕೂಸ್ನ ನಾನು ನೋಡ್ಕತೀನಿ," ಎಂದಳು. ಪವಿತ್ರ ಅನುಮಾನದಿಂದ ನೋಡುತ್ತಲೇ ಹೊರಟಳು. ಅತ್ತೆಯ ಕಡೆ ನೋಡಲು ಮೀನಾಳ ಅವ್ವನಿಗೆ ಹೇಳಿ, ಮಾದುವನ್ನು ಎತ್ತಿಕೊಂಡು ಮಧುಶ್ರೀ ನೇರ ಪಂಚಾಯ್ತಿಗೆ ನಡೆದಳು. ಜವಾನ ಆಗತಾನೇ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದ. ಏನೋ ಮಾತಾಡಿಕೊಂಡು ಸದಾಶಿವಪ್ಪನೂ ಅಲ್ಲೇ ಟೀ ಕುಡಿಯುತ್ತ ನಿಂತಿದ್ದ.

"ಅಣ್ಣ, ನೆನ್ನ ನನ್ ಕೂಸು ಬೇಕಾಗಿತ್ತಂತಲ್ಲ," ಎಂದಳು.

"ಓ, ಒಂದ್ ಗಳಿಗಗ ಕಣವ್ವ. ಮೇಲಿನೋರು ಬಂದಿದ್ರು. ಊರಿನ್ ಮಾನ ಅಲ್ವಾ? ನಿನ್ ವಿಡಿಯೋನೂ ತೋರಿಸ್ದೋ, ಬಾಳ ಮೆಚ್ಚಿಕಂಡ್ರು."

"ನಿಮ್ ಮಾನ ಕಾಯ್ದದ್ದಾಯ್ತು. ಇವತ್ತು ನೀವು ಇವನ್ನ ಕಾಯಿರಿ."

ಮಾದುವನ್ನು ಪಿಡಿಓ ಮೇಜಿನ ಪಕ್ಕ ನೆಲದ ಮೇಲೆ ಕೂರಿಸಿ, ಹಾಲಿನ ಬಾಟಲಿ ಪಕ್ಕಕ್ಕಿಟ್ಟು ಅವಳು ತಿರುಗಿ ನಡೆದಳು. ಸದಾಶಿವಪ್ಪ, "ಏಯ್, ಏನಮ್ಮೀ ಇದು!" ಎಂದು ಕೂಗಿದ. ಕೂಸು ಕಿರುಚಿತು. ಅವಳು ನಿಲ್ಲಲಿಲ್ಲ. ವ್ಯಾನು ಡೇರಿಯ ಮುಂದೆ ನಿಂತಿತ್ತು, ಹತ್ತಿದಳು. ಒಳಗೆ ಸೀಟಿತ್ತು, ಕೂರಲಿಲ್ಲ. ಬಾಗಿಲ ಕಂಬಿ ಹಿಡಿದು ಕಾರ್ಖಾನೆಯ ತನಕ ನಿಂತೇ ಹೋದಳು.

ಆ ದಿನ ದಾರದ ಜೊತೆ ಬಟ್ಟೆಯನ್ನೂ ಕತ್ತರಿಸಿ ಬೈಸಿಕೊಂಡಳು. ಆದರೆ ಆ ಸಂಕಟದೊಳಗೆ ಒಂದು ಸಮಾಧಾನವೂ ಇತ್ತು. ಇವತ್ತು ಅವರಿಗೆ ಗೊತ್ತಾಗುತ್ತದೆ. ಅತ್ತರೆ ಎತ್ತಬೇಕು, ಹೇತರೆ ತೊಳೆಯಬೇಕು, ಹಸಿದರೆ ಉಣಿಸಬೇಕು. ಸಂಜೆ ಒಳಗೆ ಆ ಬೀಗ ತೆಗೆದೇ ತೆಗೆಯುತ್ತಾರೆ ಎಂದು ಅವಳು ನಂಬಿದಳು.

ಸಂಜೆ ಪಂಚಾಯ್ತಿಗೆ ಓಡಿದರೆ ಬಾಗಿಲು ಹಾಕಿತ್ತು. ಅಲ್ಲಿಂದ ಮನೆಗೆ ಓಡಿಬಂದಳು. ಪವಿತ್ರ ಜಗಲಿಯ ಮೇಲೆ ತಮ್ಮನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು.

"ಯಾವಾಗ ತಂದು ಕೊಟ್ರು?" ಎಂದಳು ಮಧುಶ್ರೀ.

"ನೀನು ಹೊಂಟ ತಕ್ಷಣ ಸ್ಕೂಲ್‌ಗ ಬಂದ್ರು. ಪ್ರಾರ್ಥನೆನೂ ಆಗಿರ್ಲಿಲ್ಲ." ಪವಿತ್ರ ತುತ್ತು ಕೊಡುವುದು ನಿಲ್ಲಿಸಲಿಲ್ಲ. "ಅವ್ವ, ಇನ್ನೊಂದ್ ಸಲ ಹಿಂಗ ಮಾಡಬ್ಯಾಡ. ಪೋಲೀಸ್‌ಗ ಏಳ್ತೀವಿ ಅಂದ್ರು, ಕೂಸ್ ಬುಟ್ಟೋದ್ಲು ಅಂತ. ನಾನೇ ನೋಡ್ಕತೀನಿ ಬುಡು."

ಮಧುಶ್ರೀಗೆ ಅಳು ಬರಲಿಲ್ಲ. ಅವರು ಒಂದು ಗಳಿಗೆಯೂ ಆ ಕೂಸನ್ನು ಎತ್ತಿಕೊಳ್ಳಬೇಕಾಗಿ ಬರಲಿಲ್ಲವಲ್ಲ ಎಂಬುದೊಂದೇ ಮನಸ್ಸಿನಲ್ಲಿ ಸುತ್ತುತ್ತಿತ್ತು. ಗಂಡ, ಕಂಪನಿ, ಪಂಚಾಯ್ತಿ ಎಲ್ಲರಿಗೂ ಕೊನೆಗೆ ಕೈಗೆ ಸಿಗುವವಳು ಪವಿತ್ರ ಒಬ್ಬಳೇ. ತನಗೂ ಅಷ್ಟೇ.

ಪರೀಕ್ಷೆಗೆ ಪವಿತ್ರ ಹೋಗಿ ಕೂತು ಬಂದಳು. ಪಾಸು ಎಂದು ಬರೆದು ಕೊಟ್ಟರು. ಆರನೇ ಕ್ಲಾಸಿಗೆ ಅಗರದ ಸ್ಕೂಲಿಗೆ ಹೋಗಬೇಕು, ಟೀಸಿ ತಗೊಳ್ಳಿ ಎಂದು ಮೇಷ್ಟ್ರು ಹೇಳಿಕಳಿಸಿದರು. ಅದು ಸ್ಕೂಲಿನಲ್ಲೇ ಉಳಿಯಿತು. ಮಳೆಗಾಲ ಕಳೆದ ಮೇಲೆ ಕೂಸಿನ ಮನೆಯನ್ನು ಮತ್ತೆ ತೆಗೆದರು, ಮತ್ತೆ ಮುಚ್ಚಿದರು. ಮಾದು ಬೆಳೆದು ಅಂಗನವಾಡಿಗೆ ಹೋಗುವಷ್ಟಾದ. ಮಧುಶ್ರೀಗೆ ಮತ್ತೆ ಮಿಶಿನ್ನೂ ಸಿಕ್ಕಿತು.

"ಈಗಲಾದ್ರೂ ಸ್ಕೂಲ್‌ಗ ಓಗವ್ವ," ಎಂದು ಅವಳು ಒಂದು ದಿನ ಮಗಳ ತಲೆ ಬಾಚುತ್ತ ಹೇಳಿದಳು. "ನಾನು ಬಂದು ಕೇಳ್ತೀನಿ ಮೇಷ್ಟ್ರ."

"ನನ್ಗಿಂತ ಚಿಕ್ ಐಕಳ ಜೊತ ಕೂರಕ್ಕಾ?" ಎಂದಳು ಪವಿತ್ರ. ಮೊದಲಿನ ಗಟ್ಟಿ ದನಿ ಈಗಿರಲಿಲ್ಲ. "ಅಜ್ಜೀನ ಯಾರ್ ನೋಡಾರು? ಅಲ್ದೆ ಅವ್ರೆಲ್ಲ ಏನ್ ಮಾಡಾರು?"

ಅವರೆಲ್ಲ ಎಂದರೆ ವ್ಯಾನಿನ ಹೆಂಗಸರು. ಯಾವಾಗ ಶುರುವಾಯಿತೋ ಯಾರಿಗೂ ಸರಿಯಾಗಿ ನೆನಪಿಲ್ಲ. ಮೊದಲು ಎದುರು ಮನೆಯವಳು, ಒಂದು ದಿನ ನೋಡ್ಕಳವ್ವ ಎಂದು ತನ್ನ ಕೂಸನ್ನು ಬಿಟ್ಟುಹೋದಳು. ಆಮೇಲೆ ಅವಳ ತಂಗಿ. ಈಗ ಬೆಳಿಗ್ಗೆ ವ್ಯಾನು ಬರುವ ಹೊತ್ತಿಗೆ ಮಧುಶ್ರೀಯ ಜಗಲಿಯ ಮೇಲೆ ಚಿಳ್ಳೆಪಿಳ್ಳೆಗಳು ಸಾಲಾಗಿ ಕೂತಿರುತ್ತವೆ. ಅಮ್ಮಂದಿರು ಪವಿತ್ರಳ ಕೈಗೆ ಬಾಟಲಿ, ಬಟ್ಟೆ, ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಕೂಸು ಅಳುವ ಮುಂಚೆ ಮರೆಯಾಗಲು ಓಡುತ್ತಾರೆ. ಅವಳು ಒಂದನ್ನು ಸೊಂಟಕ್ಕೇರಿಸಿ, ಇನ್ನೊಂದರ ಕೈ ಹಿಡಿದು, ಮೂರನೆಯದರ ಮೂಗೊರೆಸುತ್ತಾಳೆ. ಅತ್ತರೆ ಗದರುತ್ತಾಳೆ, ಥೇಟು ಅಜ್ಜಿಯ ಹಾಗೆ.

ವ್ಯಾನಿನಲ್ಲಿ ಎದುರು ಮನೆಯವಳು ಮಧುಶ್ರೀಯ ಪಕ್ಕ ಕೂತು, ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ನಿನ್ ಮಗಳು ಚಿನ್ನ ಕಣಕ್ಕ. ಅವಳಿಲ್ದಿದ್ರ ನಾವು ಕೆಲ್ಸಕ್ಕ ಓದಂಗೇ ಇತ್ತು," ಎಂದಳು.

"ಊಂ," ಎಂದು ಮಧುಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿದಳು.